ಕೆಂಪು ಕಣ್ಣನ್ನು ನೋಡುವುದು ಹೇಗೆ: ಕೋಲಾರದ ಹೊಸ ಆರೋಗ್ಯ ಸಹಾಯಕರಿಗೆ ಸಮಗ್ರ ಮಾರ್ಗದರ್ಶಿ

ಯಾರಿಗಾದರೂ ಕಣ್ಣು ಕೆಂಪಾದರೆ ಸಾಕು, ನಮ್ಮ ಕಡೆ ಮೊದಲು ಬರುವ ಮಾತು 'ಮದ್ರಾಸ್ ಐ ಇರಬೇಕು' ಅಂತ. ಹೆಚ್ಚಿನ ಸಲ ಆ ಊಹೆ ಸರಿಯೇ ಇರುತ್ತದೆ. ಆದರೆ ಕೋಲಾರದಲ್ಲಿ ಟೊಮೆಟೊ ತೋಟ ಇದೆ, ಹಿಪ್ಪುನೇರಳೆ ಇದೆ, ಶ್ರೀನಿವಾಸಪುರದ ಮಾವು ಇದೆ, ರಾಗಿ ಕಣ ಇದೆ, ಕಲ್ಲು ಒಡೆಯುವ ಕೆಲಸ ಇದೆ. ಇಲ್ಲಿ ಕಣ್ಣಿಗೆ ಕಡ್ಡಿ ತಾಗುತ್ತದೆ, ಎಲೆ ತಾಗುತ್ತದೆ, ಸುಣ್ಣ ಬೀಳುತ್ತದೆ, ಚೂರು ಸಿಡಿಯುತ್ತದೆ. ಅಂಥ ಕಣ್ಣೂ ಮೊದಲ ದಿನ ಸುಮ್ನೆ ಕೆಂಪಗೆ ಕಾಣುತ್ತದೆ. ಅದನ್ನೂ ಮದ್ರಾಸ್ ಐ ಅಂದುಕೊಂಡು ನಾಲ್ಕು ದಿನ ಕಾದರೆ ದೃಷ್ಟಿಯೇ ಹೋಗಬಹುದು.

ಆಶಾ ಕಾರ್ಯಕರ್ತೆಯಾಗಿ, ನರ್ಸಿಂಗ್ ಸಹಾಯಕರಾಗಿ, ಇಲ್ಲವೇ ಮನೆಯಲ್ಲಿ ವಯಸ್ಸಾದವರನ್ನು ನೋಡಿಕೊಳ್ಳುವ ಕೆಲಸಕ್ಕೆ ತರಬೇತಿ ಪಡೆಯುತ್ತಿರುವ ನಿಮಗೆ ಒಂದು ವಿಷಯ ಮನದಟ್ಟಾಗಬೇಕು. ಕಾಯಿಲೆಗೆ ಹೆಸರಿಡುವುದು ಡಾಕ್ಟರ ಕೆಲಸ. ಈ ಕಣ್ಣು ಮನೆಯಲ್ಲೇ ವಾಸಿಯಾಗುವಂಥದ್ದಾ, ಇವತ್ತೇ ಆಸ್ಪತ್ರೆಗೆ ಹೋಗಬೇಕಾದದ್ದಾ ಎಂದು ಬೇರ್ಪಡಿಸುವುದು ನಿಮ್ಮ ಕೆಲಸ. ಎಷ್ಟೋ ಊರುಗಳಲ್ಲಿ ಆ ಕಣ್ಣನ್ನು ಮೊದಲು ನೋಡುವವರು ನೀವೇ. ಅದಕ್ಕೇ ಇಷ್ಟು ವಿವರವಾಗಿ ಬರೆಯುತ್ತಿದ್ದೇನೆ.

ಮೊದಲು ಕಣ್ಣಿನ ಭಾಗಗಳು

ಜಾಸ್ತಿ ಬೇಡ, ನಾಲ್ಕು ಸಾಕು. ಬಿಳಿಗುಡ್ಡೆಯ ಮೇಲೂ ರೆಪ್ಪೆಯ ಒಳಗೂ ಹರಡಿರುವ ತೆಳುವಾದ ಪೊರೆ ಕಂಜಂಕ್ಟಿವಾ. ಕರಿಗುಡ್ಡೆಯ ಮುಂದಿರುವ ಪಾರದರ್ಶಕ ಪದರ ಕಾರ್ನಿಯಾ. ಕರಿಗುಡ್ಡೆಯ ನಡುವಿನ ಚಿಕ್ಕ ಕಪ್ಪು ಚುಕ್ಕೆ ಪಾಪೆ. ಆಮೇಲೆ ರೆಪ್ಪೆ. ಕಂಜಂಕ್ಟಿವಾದ ಉರಿಯೂತ ತೊಂದರೆ ಕೊಡುತ್ತದೆ, ಸಾಮಾನ್ಯವಾಗಿ ಕಣ್ಣು ಕಳೆಯುವುದಿಲ್ಲ. ಕಾರ್ನಿಯಾದ ಹುಣ್ಣು ಕಣ್ಣು ಕಳೆಯುತ್ತದೆ. ಕಾರ್ನಿಯಾದಲ್ಲಿ ರಕ್ತನಾಳಗಳೇ ಇಲ್ಲ, ನರಗಳು ಮಾತ್ರ ತುಂಬಾ ಇವೆ. ಹಾಗಾಗಿ ಅಲ್ಲಿ ಚಿಕ್ಕ ಗೀರು ಬಿದ್ದರೂ ಸಹಿಸಲಾರದ ನೋವು ಬರುತ್ತದೆ. ವಾಸಿಯಾದ ಮೇಲೂ ಬಿಳಿ ಕಲೆ ಉಳಿದು ಬೆಳಕನ್ನು ತಡೆಯಬಹುದು.

ಹೆಜ್ಜೆ 1: ಮುಟ್ಟುವ ಮುಂಚೆ

ಸೋಪು ಹಾಕಿ ಕನಿಷ್ಠ 20 ಸೆಕೆಂಡು ಕೈ ತೊಳೆಯಿರಿ. ನೋಡಿದ ಮೇಲೂ ತೊಳೆಯಿರಿ. ಕೈಗವಸು ಇದ್ದರೂ ತೊಳೆಯಲೇಬೇಕು. ಒಂದು ಚಿಕ್ಕ ಟಾರ್ಚ್, ಶುದ್ಧವಾದ ಹತ್ತಿ, ಕುದಿಸಿ ಆರಿಸಿದ ನೀರು ಇದ್ದರೆ ಸಾಕು. ಮೊಬೈಲಿನ ಬೆಳಕು ತುಂಬಾ ಜೋರು. ಬೇರೆ ದಾರಿ ಇಲ್ಲದಿದ್ದರೆ ಪಕ್ಕದಿಂದ ಹಿಡಿಯಿರಿ, ನೇರವಾಗಿ ಕಣ್ಣೊಳಕ್ಕೆ ಹಾಯಿಸಬೇಡಿ. ಯಾವಾಗಲೂ ಚೆನ್ನಾಗಿರುವ ಕಣ್ಣನ್ನು ಮೊದಲು ನೋಡಿ. ಸೋಂಕಿನ ಕಣ್ಣು ಮುಟ್ಟಿದ ಬೆರಳು ಇನ್ನೊಂದು ಕಣ್ಣಿಗೆ ಹೋಗಬಾರದು.

ಹೆಜ್ಜೆ 2: ಕೇಳುವುದು

ಅರ್ಧ ಉತ್ತರ ಇಲ್ಲೇ ಸಿಗುತ್ತದೆ. ಅವಸರ ಮಾಡಬೇಡಿ. ಯಾವಾಗ ಶುರುವಾಯಿತು, ಒಂದು ಕಣ್ಣಾ ಎರಡೂ ಕಣ್ಣಾ, ತುರಿಕೆಯಾ ಉರಿಯಾ ಆಳವಾದ ನೋವಾ, ಬೆಳಕು ನೋಡಲು ಆಗುತ್ತದಾ, ಮನೆಯಲ್ಲಿ ಇನ್ಯಾರಿಗಾದರೂ ಹೀಗೆ ಆಗಿದೆಯಾ? ಆಮೇಲೆ ತಪ್ಪದೆ ಕೇಳಬೇಕಾದ ಎರಡು ಪ್ರಶ್ನೆಗಳಿವೆ.

ಮೊದಲನೆಯದು, 'ಕಣ್ಣಿಗೆ ಏನಾದರೂ ಬಿತ್ತಾ, ತಾಗಿತಾ?' ಸಾಮಾನ್ಯವಾಗಿ 'ಏನೂ ಇಲ್ಲ' ಅನ್ನುತ್ತಾರೆ. ಟೊಮೆಟೊ ಗಿಡ ಕಟ್ಟುವಾಗ ಕಡ್ಡಿ ತಗಲುವುದು, ಹುಲ್ಲು ಕೊಯ್ಯುವಾಗ ಗರಿ ಸವರುವುದು ಅವರಿಗೆ ದಿನದ ಕೆಲಸ, ಲೆಕ್ಕಕ್ಕೇ ಬರುವುದಿಲ್ಲ. ಅದಕ್ಕೆ ಪ್ರಶ್ನೆಯನ್ನು ಬಿಡಿಸಿ ಕೇಳಿ: 'ಅಣ್ಣಾ, ಈ ವಾರ ಏನು ಕೆಲಸ ಮಾಡಿದ್ರಿ? ತೋಟದಲ್ಲಿ ಕಡ್ಡಿ ನೆಟ್ಟಿರಾ? ರಾಗಿ ತೂರಿದ್ರಾ? ಹುಳು ಮನೆಗೆ ಸುಣ್ಣ ಹಾಕಿದ್ರಾ?' ಆಗ ನೆನಪಾಗುತ್ತದೆ.

ಎರಡನೆಯದು, 'ಇಷ್ಟು ದಿನ ಕಣ್ಣಿಗೆ ಏನು ಹಾಕಿದ್ರಿ?' ಹರಳೆಣ್ಣೆ, ಎದೆಹಾಲು, ಜೇನು, ನಂದಿಬಟ್ಟಲು ಹೂವಿನ ರಸ, ಪಕ್ಕದ ಮನೆಯವರ ಡ್ರಾಪ್ಸ್, ಏನು ಬೇಕಾದರೂ ಇರಬಹುದು. ಇಲ್ಲಿ ಮುಖದಲ್ಲಿ ಬೇಸರ ತೋರಿಸಿದರೆ ಮುಂದಿನ ಸಲ ನಿಮಗೆ ನಿಜ ಹೇಳುವುದಿಲ್ಲ. ಹಾಕಿದ ಬಾಟಲಿ ಇದ್ದರೆ ತರಿಸಿ, ಲೇಬಲ್ ಓದಿ.

ಮುಳಬಾಗಿಲು, ಶ್ರೀನಿವಾಸಪುರದ ಕಡೆ ಹಿರಿಯರು ಮನೆಯಲ್ಲಿ ತೆಲುಗು ಆಡುತ್ತಾರೆ. 'ಬಾಗಾ ಕನಪಡ್ತುಂದಾ ಅವ್ವಾ?' (ಚೆನ್ನಾಗಿ ಕಾಣುತ್ತಾ?) ಅಂತ ಕೇಳಿದರೆ ಬರುವ ಉತ್ತರಕ್ಕೂ ಕನ್ನಡದಲ್ಲಿ ಕೇಳಿದರೆ ಬರುವ ಉತ್ತರಕ್ಕೂ ಎಷ್ಟೋ ಸಲ ವ್ಯತ್ಯಾಸ ಇರುತ್ತದೆ. ನೋವು ಹೇಗಿದೆ ಅಂತ ಹೇಳಲು ತಾಯಿನುಡಿಯೇ ಬೇಕು.

ಹೆಜ್ಜೆ 3: ದೃಷ್ಟಿ ನೋಡುವುದು

ಹೊಸಬರು ಬಿಟ್ಟುಬಿಡುವ ಹೆಜ್ಜೆ ಇದು. ಕಣ್ಣು ಕೆಂಪಗಿದೆ ಅಂತ ಕೆಂಪನ್ನೇ ನೋಡುತ್ತಾರೆ. ಕಣ್ಣು ಕಾಣುತ್ತಿದೆಯಾ ಅಂತ ನೋಡುವುದಿಲ್ಲ. ಉಪಕೇಂದ್ರದಲ್ಲಿ ದೃಷ್ಟಿ ಚಾರ್ಟ್ ಇದ್ದರೆ ಆರು ಮೀಟರ್ ದೂರದಿಂದ ಓದಿಸಿ. ಮನೆಯಲ್ಲಾದರೆ ಗೋಡೆಯ ಕ್ಯಾಲೆಂಡರ್ ಸಾಕು. 'ಅಜ್ಜಿ, ಎಡಗಣ್ಣು ಅಂಗೈಯಲ್ಲಿ ಮುಚ್ಚಿಕೊಳ್ಳಿ, ಒತ್ತಬೇಡಿ. ಅಲ್ಲಿ ಯಾವ ತಾರೀಖು ಕಾಣುತ್ತೆ?' ಓದಲು ಬಾರದವರಿಗೆ ಬೆರಳು ಎಣಿಸಲು ಹೇಳಿ. ಆಮೇಲೆ ಅದೇ ಜಾಗದಿಂದ ಇನ್ನೊಂದು ಕಣ್ಣು. ಕನ್ನಡಕ ಹಾಕುವವರು ಕನ್ನಡಕ ಹಾಕಿಯೇ ನೋಡಬೇಕು.

ಎರಡು ಕಣ್ಣಿಗೂ ಇರುವ ವ್ಯತ್ಯಾಸ ನಿಮಗೆ ಬೇಕಾದದ್ದು. ಪಿಸುರು ಅಡ್ಡ ಬಂದು ಮಂಜಾಗಿದ್ದರೆ ಒರೆಸಿದ ಮೇಲೆ ಅಥವಾ ಕಣ್ಣು ಮಿಟುಕಿಸಿದ ಮೇಲೆ ಸರಿಯಾಗುತ್ತದೆ. ಒರೆಸಿದರೂ ಕೆಂಪು ಕಣ್ಣಿಗೆ ಮಂಜಾಗಿಯೇ ಕಂಡರೆ, ಮುಂದಿನ ಯಾವ ಲೆಕ್ಕಾಚಾರವೂ ಬೇಡ, ಇವತ್ತೇ ಕಳಿಸಬೇಕು.

ಹೆಜ್ಜೆ 4: ಟಾರ್ಚ್ ಹಾಕಿ ನೋಡುವುದು

ಹೊರಗಿನಿಂದ ಒಳಕ್ಕೆ ಬನ್ನಿ. ಮುಖ, ರೆಪ್ಪೆ, ರೆಪ್ಪೆಗೂದಲಿನ ಬುಡ, ಬಿಳಿಗುಡ್ಡೆ, ಕರಿಗುಡ್ಡೆ, ಪಾಪೆ. ಕೆಳರೆಪ್ಪೆಯನ್ನು ಮೆಲ್ಲಗೆ ಎಳೆದು ಒಳಭಾಗವನ್ನೂ ನೋಡಿ.

ಕೆಂಪು ಎಲ್ಲಿ ಜಾಸ್ತಿ ಇದೆ ಅನ್ನುವುದು ಮುಖ್ಯ. ಕಣ್ಣಿನ ಅಂಚಿನಲ್ಲಿ, ರೆಪ್ಪೆಯ ಒಳಗೆ ಜಾಸ್ತಿ ಇದ್ದು ಕರಿಗುಡ್ಡೆಯ ಹತ್ತಿರ ಕಡಿಮೆ ಇದ್ದರೆ ಅದು ಹೆಚ್ಚಾಗಿ ಕಂಜಂಕ್ಟಿವಾದ ಉರಿಯೂತ. ಕರಿಗುಡ್ಡೆಯ ಸುತ್ತಲೂ ಬಳೆಯ ಹಾಗೆ ಕೆಂಪು ಗಟ್ಟಿಯಾಗಿ ಕೂತಿದ್ದರೆ ತೊಂದರೆ ಒಳಗಿದೆ. ಕರಿಗುಡ್ಡೆಯ ಮೇಲೆ ಬಿಳಿ ಅಥವಾ ಬೂದು ಚುಕ್ಕೆ ಇದೆಯಾ, ಹೊಳಪು ಹೋಗಿ ಮಸುಕಾಗಿದೆಯಾ, ಎರಡೂ ಪಾಪೆ ಒಂದೇ ಅಳತೆಯಲ್ಲಿ ದುಂಡಗಿವೆಯಾ, ಬೆಳಕು ಬಿದ್ದಾಗ ಚಿಕ್ಕದಾಗುತ್ತವಾ? ಇಷ್ಟು ನೋಡಿದರೆ ಮುಗಿಯಿತು. ರೆಪ್ಪೆ ಊದಿ ಕಣ್ಣು ತೆರೆಯಲು ಆಗದಿದ್ದರೆ ಬಲವಂತ ಮಾಡಬೇಡಿ.

ದಿನವೂ ಸಿಗುವ ಕಣ್ಣುಗಳು

ಮದ್ರಾಸ್ ಐ ಹೆಚ್ಚಾಗಿ ವೈರಸ್‌ನಿಂದ ಬರುತ್ತದೆ, ಬಹಳ ಸಲ ಅಡೆನೊವೈರಸ್. 2023ರ ಜುಲೈ, ಆಗಸ್ಟ್ ತಿಂಗಳಲ್ಲಿ ರಾಜ್ಯದ ತುಂಬಾ ಹಬ್ಬಿ ಶಾಲೆ, ಹಾಸ್ಟೆಲ್‌ಗಳಲ್ಲಿ ಎಷ್ಟು ಕಾಡಿತು ಅನ್ನುವುದು ಹಲವರಿಗೆ ನೆನಪಿರಬಹುದು. ಒಂದು ಕಣ್ಣಲ್ಲಿ ಶುರುವಾಗಿ ಎರಡು ಮೂರು ದಿನಕ್ಕೆ ಇನ್ನೊಂದಕ್ಕೆ ಹೋಗುತ್ತದೆ. ನೀರು ಸುರಿಯುತ್ತದೆ, ಮರಳು ಬಿದ್ದ ಹಾಗೆ ಚುಚ್ಚುತ್ತದೆ. ಶೀತ, ಗಂಟಲು ನೋವು ಜೊತೆಗಿರಬಹುದು. ಕಿವಿಯ ಮುಂದೆ ಚಿಕ್ಕ ಗಂಟು ಸಿಗಬಹುದು. ಸಾಮಾನ್ಯವಾಗಿ ಒಂದೆರಡು ವಾರದಲ್ಲಿ ತಾನಾಗಿ ಹೋಗುತ್ತದೆ. ವೈರಸ್‌ಗೆ ಆಂಟಿಬಯೋಟಿಕ್ ಡ್ರಾಪ್ಸ್ ಕೆಲಸ ಮಾಡುವುದಿಲ್ಲ. ತಣ್ಣೀರಿನ ಬಟ್ಟೆ, ಕಣ್ಣು ಶುಚಿಯಾಗಿಡುವುದು, ವಿಶ್ರಾಂತಿ ಸಾಕು.

ಇದು ನೋಟದಿಂದ ಹರಡುವುದಿಲ್ಲ. ಕಣ್ಣೀರು, ಪಿಸುರು ತಾಗಿದ ಕೈ, ಟವೆಲ್, ದಿಂಬು, ಕಾಡಿಗೆ ಡಬ್ಬಿ, ಬಾಗಿಲ ಹಿಡಿ, ಮೊಬೈಲ್ ಇವುಗಳಿಂದ ಹರಡುತ್ತದೆ. ಕಪ್ಪು ಕನ್ನಡಕ ಹಾಕಿದರೆ ಬೆಳಕಿನ ಕಿರಿಕಿರಿ ಕಡಿಮೆಯಾಗುತ್ತದೆ ಅಷ್ಟೇ. ಕನ್ನಡಕ ಹಾಕಿಕೊಂಡು ಅದೇ ಟವೆಲ್‌ನಲ್ಲಿ ಮನೆಮಂದಿಯೆಲ್ಲ ಮುಖ ಒರೆಸಿದರೆ ಏನು ಪ್ರಯೋಜನ, ಅಲ್ವಾ?

ಬ್ಯಾಕ್ಟೀರಿಯಾದ ಸೋಂಕಾದರೆ ಪಿಸುರು ದಪ್ಪಗೆ, ಹಳದಿ ಅಥವಾ ಹಸಿರು ಬಣ್ಣದಲ್ಲಿರುತ್ತದೆ. ಬೆಳಿಗ್ಗೆ ರೆಪ್ಪೆಗಳು ಅಂಟಿಕೊಂಡಿರುತ್ತವೆ. ಮಕ್ಕಳಲ್ಲಿ ಜಾಸ್ತಿ. ಡಾಕ್ಟರಿಗೆ ತೋರಿಸಿದರೆ ಆಂಟಿಬಯೋಟಿಕ್ ಡ್ರಾಪ್ಸ್ ಬರೆಯುತ್ತಾರೆ. ಒರೆಸಿದ ಕೂಡಲೇ ಮತ್ತೆ ಕೀವು ತುಂಬಿಕೊಳ್ಳುತ್ತಿದ್ದರೆ ಕಾಯಬೇಡಿ, ಅದೇ ದಿನ ಕಳಿಸಿ.

ಅಲರ್ಜಿಯ ಕಣ್ಣಿನ ಗುರುತು ತುರಿಕೆ. ಎರಡೂ ಕಣ್ಣು ತುರಿಸುತ್ತವೆ, ದಾರದಂಥ ಅಂಟು ಬರುತ್ತದೆ, ಮೂಗು ಸೋರುತ್ತದೆ, ಸೀನು. ಧೂಳು, ಹೂವಿನ ಪರಾಗ, ನಮ್ಮ ರಸ್ತೆಬದಿಯ ಕಾಂಗ್ರೆಸ್ ಗಿಡ, ಎಲ್ಲವೂ ಕಾರಣ ಆಗಬಹುದು. ಬೇಸಿಗೆ ಬಂದ ಕೂಡಲೇ ಕಣ್ಣುಜ್ಜಲು ಶುರುಮಾಡುವ ಮಕ್ಕಳನ್ನು, ಅದರಲ್ಲೂ ಹುಡುಗರನ್ನು, ಗಮನವಿಟ್ಟು ನೋಡಿ. ವರ್ಷಗಟ್ಟಲೆ ಉಜ್ಜಿದರೆ ಕಾರ್ನಿಯಾ ತೆಳುವಾಗಿ ಮುಂದಕ್ಕೆ ಚೂಪಾಗಬಹುದು. ತಣ್ಣೀರಿನ ಬಟ್ಟೆ ಇಡಲು ಹೇಳಿ, ಡಾಕ್ಟರ ಹತ್ತಿರ ಕಳಿಸಿ.

ಈ ಮಕ್ಕಳ ಮನೆಯಲ್ಲೇ ನಾನು ಹೆಚ್ಚು ಭಯಪಡುವ ಬಾಟಲಿ ಇರುತ್ತದೆ. ಸ್ಟಿರಾಯ್ಡ್ ಡ್ರಾಪ್ಸ್. ಹಾಕಿದ ಒಂದೆರಡು ದಿನದಲ್ಲಿ ಕೆಂಪು ಮಾಯವಾಗುತ್ತದೆ, ತುರಿಕೆ ನಿಲ್ಲುತ್ತದೆ. ಹಾಗಾಗಿ ಹಳೇ ಚೀಟಿ ತೋರಿಸಿ ಮೆಡಿಕಲ್ ಶಾಪ್‌ನಿಂದ ತಂದು ತಂದು ಹಾಕುತ್ತಾರೆ. ತಿಂಗಳುಗಟ್ಟಲೆ ಹಾಕಿದರೆ ಕಣ್ಣಿನ ಒತ್ತಡ ಏರಿ, ಕಣ್ಣಿನ ನರ ಹಾಳಾಗುವ ಗ್ಲಾಕೋಮಾ ಬರಬಹುದು, ಚಿಕ್ಕ ವಯಸ್ಸಿಗೇ ಪೊರೆ ಬರಬಹುದು. ಕಾರ್ನಿಯಾದಲ್ಲಿ ಹುಣ್ಣಿರುವ ಕಣ್ಣಿಗೆ ಹಾಕಿದರಂತೂ ಬೆಂಕಿಗೆ ತುಪ್ಪ ಸುರಿದ ಹಾಗೆ. ಲೇಬಲ್‌ನಲ್ಲಿ ಡೆಕ್ಸಾಮೆಥಾಸೋನ್, ಬೀಟಾಮೆಥಾಸೋನ್, ಪ್ರೆಡ್ನಿಸೊಲೋನ್ ಇಂಥ ಹೆಸರಿದ್ದರೆ ಅದು ಸ್ಟಿರಾಯ್ಡ್. ಆಂಟಿಬಯೋಟಿಕ್ ಜೊತೆ ಸೇರಿಸಿದ ಬಾಟಲಿಗಳೂ ಇವೆ, ಎರಡನೇ ಹೆಸರನ್ನೂ ಓದಿ. ಕಣ್ಣಿನ ಡಾಕ್ಟರು ನೋಡಿ ಕೊಟ್ಟಿದ್ದರೆ ನೀವಾಗಿ ನಿಲ್ಲಿಸಬೇಡಿ, ಅವರಿಗೆ ಬೇಕಿರಬಹುದು. ಬೇರೆಯವರ ಚೀಟಿಯಲ್ಲಿ ತಂದದ್ದಾದರೆ ಬಾಟಲಿ ಸಮೇತ ಡಾಕ್ಟರ ಹತ್ತಿರ ಕಳಿಸಿ.

ರೆಪ್ಪೆಯ ಕುರುವಿಗೆ ಬಿಸಿ ಕಾವು ಸಾಕು. ಸಹಿಸುವಷ್ಟು ಬಿಸಿ ನೀರಲ್ಲಿ ಅದ್ದಿ ಹಿಂಡಿದ ಬಟ್ಟೆ, ಹತ್ತು ನಿಮಿಷ, ದಿನಕ್ಕೆ ಮೂರು ನಾಲ್ಕು ಸಲ. ಹಿಸುಕಬಾರದು. ರೆಪ್ಪೆಗೂದಲಿನ ಬುಡದಲ್ಲಿ ಹೊಟ್ಟು ಕಟ್ಟಿದ್ದರೂ ಇದೇ ಕಾವು, ಆಮೇಲೆ ಒದ್ದೆ ಹತ್ತಿಯಿಂದ ಮೆಲ್ಲಗೆ ಒರೆಸುವುದು. ಇದು ಮತ್ತೆ ಮತ್ತೆ ಬರುವ ತೊಂದರೆ, ದಿನವೂ ಮಾಡಬೇಕು.

ಬಿಳಿಗುಡ್ಡೆಯ ಮೇಲೆ ರಕ್ತ ಚೆಲ್ಲಿದ ಹಾಗೆ ಕೆಂಪು ಪಟ್ಟೆ, ನೋವಿಲ್ಲ, ಪಿಸುರಿಲ್ಲ, ದೃಷ್ಟಿ ಸರಿಯಾಗಿದೆ. ನೋಡಿದವರು ಹೆದರುತ್ತಾರೆ. ಕೆಮ್ಮು, ವಾಂತಿ, ಭಾರ ಎತ್ತುವುದರಿಂದ ಚಿಕ್ಕ ರಕ್ತನಾಳ ಒಡೆದಿರುತ್ತದೆ. ಎರಡು ಮೂರು ವಾರದಲ್ಲಿ ಕರಗುತ್ತದೆ. ಬಿಪಿ ನೋಡಿ, ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಾರಾ ಕೇಳಿ. ಪೆಟ್ಟು ಬಿದ್ದು ಹೀಗಾಗಿದ್ದರೆ ಮಾತ್ರ ಕಳಿಸಲೇಬೇಕು.

ಕಾರ್ನಿಯಾದ ಹುಣ್ಣು: ನಮ್ಮ ಜಿಲ್ಲೆಯಲ್ಲಿ ಎಚ್ಚರ ಬೇಕಾದ ಕಣ್ಣು

ಒಂದೇ ಕಣ್ಣು. ಜೋರು ನೋವು. ಬೆಳಕು ನೋಡಲಾಗದೆ ಮುಖಕ್ಕೆ ಟವೆಲ್ ಹಾಕಿಕೊಂಡು ಕೂತಿರುತ್ತಾರೆ. ದೃಷ್ಟಿ ಮಂಜು. ಕರಿಗುಡ್ಡೆಯ ಮೇಲೆ ಬಿಳಿ ಚುಕ್ಕೆ. ಎರಡು ಮೂರು ದಿನದ ಹಿಂದೆ ಎಲೆ, ಕಡ್ಡಿ, ರಾಗಿ ಹೊಟ್ಟು ಏನೋ ಒಂದು ತಾಗಿರುತ್ತದೆ. ಗಿಡದ ಗೀರಿನ ಮೂಲಕ ಫಂಗಸ್ ಒಳಗೆ ಹೋಗುತ್ತದೆ. ಫ್ಯುಸೇರಿಯಂ, ಆಸ್ಪರ್ಜಿಲ್ಲಸ್ ಎಂಬ ಜಾತಿಗಳು ನಮ್ಮ ದೇಶದ ಹೊಲಗಳಲ್ಲಿ ಸಾಮಾನ್ಯ. ಫಂಗಸ್ ಹುಣ್ಣು ನಿಧಾನವಾಗಿ ಬೆಳೆಯುತ್ತದೆ, ಮೊದಮೊದಲು ನೋವೂ ಅಷ್ಟಾಗಿ ಇಲ್ಲದಿರಬಹುದು. ಅದಕ್ಕೇ ಜನ ತಡಮಾಡುತ್ತಾರೆ. ಇದಕ್ಕೆ ಬೇರೆಯೇ ಔಷಧಿ ಬೇಕು, ವಾರಗಟ್ಟಲೆ ಹಾಕಬೇಕು.

ಹುಣ್ಣಾಗುವ ಮುಂಚೆಯೇ ಹಿಡಿದರೆ ಎಷ್ಟು ವ್ಯತ್ಯಾಸ ಆಗುತ್ತದೆ ಅನ್ನುವುದಕ್ಕೆ ನೇಪಾಳದ ಭಕ್ತಪುರದಲ್ಲಿ ನಡೆದು 2001ರಲ್ಲಿ ಪ್ರಕಟವಾದ ಅಧ್ಯಯನ ದೊಡ್ಡ ಸಾಕ್ಷಿ. ಅಲ್ಲಿ ಹಳ್ಳಿಯ ಆರೋಗ್ಯ ಕಾರ್ಯಕರ್ತರಿಗೇ ತರಬೇತಿ ಕೊಟ್ಟು, ಕಾರ್ನಿಯಾಕ್ಕೆ ಗೀರು ಬಿದ್ದವರಿಗೆ ಕ್ಲೋರಾಂಫೆನಿಕಾಲ್ ಮುಲಾಮನ್ನು ದಿನಕ್ಕೆ ಮೂರು ಸಲ, ಮೂರು ದಿನ ಹಾಕಿಸಿದರು. ಗೀರು ಬಿದ್ದ 18 ಗಂಟೆಯೊಳಗೆ ಶುರುಮಾಡಿದ ಯಾರಿಗೂ ಹುಣ್ಣಾಗಲಿಲ್ಲ. ನಿಮ್ಮಂಥವರೇ ಮಾಡಿದ ಕೆಲಸ ಅದು. ನೀವು ಮಾತ್ರ ಮೇಲಿನ ಡಾಕ್ಟರ ಆದೇಶ ಇಲ್ಲದೆ ಯಾವ ಮುಲಾಮೂ ಹಾಕಬೇಡಿ. ತಾಗಿದ ದಿನವೇ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕಳಿಸುವುದು ನಿಮ್ಮ ಕೈಯಲ್ಲಿದೆ. ಅಲ್ಲಿ ಫ್ಲೂರೆಸೀನ್ ಬಣ್ಣದ ಕಾಗದ ತಾಗಿಸಿ ನೀಲಿ ಬೆಳಕಲ್ಲಿ ನೋಡಿದರೆ ಗೀರು ಹಸಿರಾಗಿ ಹೊಳೆಯುತ್ತದೆ.

ಬಿಳಿ ಚುಕ್ಕೆ ಆಗಲೇ ಕಾಣುತ್ತಿದ್ದರೆ ನೇರವಾಗಿ ಕಣ್ಣಿನ ಡಾಕ್ಟರಿರುವ ಕಡೆಗೆ ಹೋಗಬೇಕು. ಕೋಲಾರದ ಎಸ್.ಎನ್.ಆರ್. ಜಿಲ್ಲಾ ಆಸ್ಪತ್ರೆ ಇದೆ, ಟಮಕದಲ್ಲಿ ಆರ್.ಎಲ್. ಜಾಲಪ್ಪ ಆಸ್ಪತ್ರೆ ಇದೆ, ಬೆಂಗಳೂರಿನಲ್ಲಿ ಮಿಂಟೋ ಕಣ್ಣಿನ ಆಸ್ಪತ್ರೆ ಇದೆ. ಕಣ್ಣಿಗೆ ಬಿಗಿಯಾಗಿ ಪಟ್ಟಿ ಕಟ್ಟಿ ಕಳಿಸಬೇಡಿ. ಮುಚ್ಚಿದ ಬಿಸಿಯಲ್ಲಿ ಸೋಂಕು ಬೇಗ ಬೆಳೆಯುತ್ತದೆ. ಸೆರಗಿನ ತುದಿಯಲ್ಲಿ, ನಾಲಿಗೆಯಲ್ಲಿ ಕಸ ತೆಗೆಸುವ ರೂಢಿ ಕೆಲವು ಊರಲ್ಲಿ ಇನ್ನೂ ಇದೆ. ಅದನ್ನು ನಿಲ್ಲಿಸಲು ಮನೆಯ ಹಿರಿಯರ ಹತ್ತಿರವೇ ಮಾತಾಡಿ, ಅವರು ಒಪ್ಪಿದರೆ ಕೇರಿಯೇ ಒಪ್ಪುತ್ತದೆ.

ಕಾಯಲೇಬಾರದ ಇನ್ನು ಕೆಲವು

ಸುಣ್ಣ ಬಿದ್ದರೆ ಮೊದಲು ನೀರು, ಆಮೇಲೆ ಪ್ರಶ್ನೆ. ರೇಷ್ಮೆ ಹುಳು ಮನೆಗಳಲ್ಲಿ ಸುಣ್ಣ, ಬ್ಲೀಚಿಂಗ್ ಪುಡಿ ಬಳಸುತ್ತಾರೆ, ಎಲೆಅಡಿಕೆಯ ಸುಣ್ಣ ಮಕ್ಕಳ ಕೈಗೆ ಸಿಗುತ್ತದೆ. ಸುಣ್ಣ ಆಸಿಡ್‌ಗಿಂತ ಆಳಕ್ಕೆ ಇಳಿಯುತ್ತದೆ. ಸಿಕ್ಕಿದ ಶುದ್ಧ ನೀರಿನಿಂದ, ಕಣ್ಣು ತೆರೆದಿಟ್ಟು, ಕನಿಷ್ಠ 30 ನಿಮಿಷ ತೊಳೆಯಿರಿ. ತಲೆಯನ್ನು ಪೆಟ್ಟಾದ ಕಣ್ಣಿನ ಕಡೆಗೆ ವಾಲಿಸಿ, ನೀರು ಇನ್ನೊಂದು ಕಣ್ಣಿಗೆ ಹರಿಯಬಾರದು. ರೆಪ್ಪೆಯ ಒಳಗೆ ಸುಣ್ಣದ ಚೂರು ಉಳಿದಿದ್ದರೆ ಒದ್ದೆ ಹತ್ತಿಯಿಂದ ತೆಗೆಯಿರಿ. ಆಮೇಲೆ 108. ಔಷಧಿ ಸಿಂಪಡಿಸುವಾಗ ಕಣ್ಣಿಗೆ ಹಾರಿದ ಕೀಟನಾಶಕಕ್ಕೂ, ಬೇಲಿಯ ಕಳ್ಳಿ ಹಾಲಿಗೂ, ಎಕ್ಕದ ಹಾಲಿಗೂ ಇದೇ ಕ್ರಮ. ಎಕ್ಕದ ಹಾಲು ಬಿದ್ದಾಗ ನೋವು ಇಲ್ಲದೆಯೂ ದೃಷ್ಟಿ ಮಂಜಾಗಬಹುದು. ನೋವಿಲ್ಲ ಅಂತ ಬಿಡಬೇಡಿ.

ಕಲ್ಲು ಅಥವಾ ಕಬ್ಬಿಣದ ಚೂರು ಸಿಡಿದು ಕಣ್ಣೊಳಗೆ ಹೊಕ್ಕಿರುವ ಅನುಮಾನ ಇದ್ದರೆ ಇದಕ್ಕೆ ತದ್ವಿರುದ್ಧ. ತೊಳೆಯಬೇಡಿ, ಒತ್ತಬೇಡಿ, ಡ್ರಾಪ್ಸ್ ಬೇಡ. ಪೇಪರ್ ಲೋಟದ ತಳವನ್ನು ಕಣ್ಣಿಗೆ ತಾಗದ ಹಾಗೆ ಮೇಲೆ ಇಟ್ಟು ಅಂಟಿಸಿ ಕಳಿಸಿ.

ವಯಸ್ಸಾದವರಿಗೆ ಇದ್ದಕ್ಕಿದ್ದ ಹಾಗೆ ಒಂದು ಕಣ್ಣು ಕೆಂಪಾಗಿ, ಅರ್ಧ ತಲೆ ಸಿಡಿದು, ವಾಂತಿಯಾದರೆ ಮನೆಯವರು ಪಿತ್ತ ಅನ್ನುತ್ತಾರೆ. ದೀಪದ ಸುತ್ತ ಬಣ್ಣದ ಬಳೆ ಕಾಣುತ್ತಿದೆಯಾ ಕೇಳಿ. ಪಾಪೆ ದೊಡ್ಡದಾಗಿ ಬೆಳಕಿಗೆ ಕದಲದೆ ಇದೆಯಾ ನೋಡಿ. ಇದು ದಿಢೀರ್ ಗ್ಲಾಕೋಮಾ ಇರಬಹುದು, ಗಂಟೆಗಳ ಲೆಕ್ಕದಲ್ಲಿ ದೃಷ್ಟಿ ಹೋಗುತ್ತದೆ. ಪಾಪೆ ಚಿಕ್ಕದಾಗಿ, ಓರೆಕೋರೆಯಾಗಿ, ಕರಿಗುಡ್ಡೆಯ ಸುತ್ತ ಕೆಂಪಿದ್ದರೆ ಕಣ್ಣಿನ ಒಳಗಿನ ಉರಿಯೂತ, ಅದಕ್ಕೂ ಅದೇ ದಿನ ಕಣ್ಣಿನ ಡಾಕ್ಟರು ಬೇಕು. ಜ್ವರದ ಜೊತೆ ರೆಪ್ಪೆ ಊದಿ ಗುಡ್ಡೆ ಮುಂದಕ್ಕೆ ಬಂದಿದ್ದರೆ, ಕಣ್ಣು ಹೊರಳಿಸಲು ಆಗದಿದ್ದರೆ, ಸೋಂಕು ಕಣ್ಣಿನ ಹಿಂದಕ್ಕೆ ಹೋಗಿದೆ ಎಂದು ತಿಳಿಯಿರಿ.

ಹುಟ್ಟಿ 28 ದಿನದೊಳಗಿನ ಮಗುವಿನ ಕಣ್ಣು ಊದಿ ಕೀವು ಬಂದರೆ ಅದು ತುರ್ತು. ಹೆರಿಗೆಯಲ್ಲಿ ತಾಯಿಯಿಂದ ಬಂದ ಸೋಂಕು ಇರಬಹುದು. ಗೊನೊರಿಯಾ ಎಂಬ ಲೈಂಗಿಕ ರೋಗದ ಸೋಂಕಾದರೆ ಕೆಲವೇ ದಿನದಲ್ಲಿ ಕಾರ್ನಿಯಾ ತೂತಾಗಬಹುದು. ಬಾಣಂತಿ ಮನೆಯಲ್ಲಿ ಎದೆಹಾಲು ಹಾಕಿ ನೋಡೋಣ ಅನ್ನುವ ಅಜ್ಜಿಗೆ ಗೌರವದಿಂದಲೇ ಹೇಳಿ, ಆದರೆ ಮಗುವನ್ನೂ ತಾಯಿಯನ್ನೂ ಅವತ್ತೇ ಕರೆದುಕೊಂಡು ಹೋಗಿ.

ಹೆಜ್ಜೆ 5: ಡ್ರಾಪ್ಸ್ ಹಾಕುವುದು

ಮೊದಲು ಕಣ್ಣು ಒರೆಸಿ. ಮೂಗಿನ ಕಡೆಯಿಂದ ಕಿವಿಯ ಕಡೆಗೆ, ಒಂದು ಹತ್ತಿಯಲ್ಲಿ ಒಂದೇ ಸಲ, ಆಮೇಲೆ ಬಿಸಾಡಿ. ಚೀಟಿಯ ಹೆಸರು, ಬಾಟಲಿಯ ಹೆಸರು, ಯಾವ ಕಣ್ಣು, ಕೊನೆಯ ದಿನಾಂಕ ಇಷ್ಟನ್ನೂ ಓದಿ. ತಲೆ ಹಿಂದಕ್ಕೆ ವಾಲಿಸಿ, ಮೇಲಕ್ಕೆ ನೋಡಲು ಹೇಳಿ, ಕೆಳರೆಪ್ಪೆ ಎಳೆದು ಆ ಜೇಬಿನಲ್ಲಿ ಒಂದೇ ಹನಿ. ಬಾಟಲಿ ತುದಿ ರೆಪ್ಪೆಗೂ ಕೂದಲಿಗೂ ತಾಗಬಾರದು. ಕಣ್ಣು ಮೆಲ್ಲಗೆ ಮುಚ್ಚಿಸಿ, ಮೂಗಿನ ಪಕ್ಕದ ಮೂಲೆಯನ್ನು ಒಂದು ನಿಮಿಷ ಒತ್ತಿ ಹಿಡಿಯಿರಿ. ಎರಡನೇ ಔಷಧಿ ಇದ್ದರೆ ಐದು ನಿಮಿಷ ಬಿಟ್ಟು. ಮುಲಾಮು ಕೊನೆಗೆ. ಬಾಟಲಿ ತೆರೆದ ದಿನವನ್ನು ಅದರ ಮೇಲೆ ಬರೆಯಿರಿ. ಸಾಮಾನ್ಯವಾಗಿ ಒಂದು ತಿಂಗಳಾದ ಮೇಲೆ ಅದನ್ನು ಬಳಸಬಾರದು. ಒಬ್ಬರ ಬಾಟಲಿ ಒಬ್ಬರಿಗೇ.

ಹೆಜ್ಜೆ 6: ಮನೆಯಲ್ಲಿ ಹರಡದ ಹಾಗೆ

ಟವೆಲ್, ದಿಂಬಿನ ಹೊದಿಕೆ ಬೇರೆ ಇಡಿಸಿ, ಬಿಸಿನೀರಲ್ಲಿ ಒಗೆದು ಬಿಸಿಲಲ್ಲಿ ಒಣಗಿಸಲು ಹೇಳಿ. ಕಾಡಿಗೆ ನಿಲ್ಲಿಸಿ, ಹಳೇ ಡಬ್ಬಿ ಎಸೆಯಲಿ. ಕಾಂಟ್ಯಾಕ್ಟ್ ಲೆನ್ಸ್ ಹಾಕುವವರು ತೆಗೆದಿಡಬೇಕು. ಅವರ ಕೆಂಪು ಕಣ್ಣನ್ನು ಡಾಕ್ಟರು ಅದೇ ದಿನ ನೋಡಬೇಕು. ಮಗು ಕಣ್ಣಲ್ಲಿ ನೀರು, ಪಿಸುರು ಇರುವಷ್ಟು ದಿನ ಅಂಗನವಾಡಿಗೂ ಶಾಲೆಗೂ ಹೋಗುವುದು ಬೇಡ. ಕೂಲಿಗೆ ಹೋಗುವ ತಾಯಿಗೆ ಇದು ಸುಲಭವಲ್ಲ. ಅಂಗನವಾಡಿ ಟೀಚರ್ ಜೊತೆ ನೀವೇ ಒಂದು ಮಾತು ಆಡಿದರೆ ಏನಾದರೂ ದಾರಿ ಸಿಗುತ್ತದೆ. ನಿಮಗೇ ಕಣ್ಣು ಕೆಂಪಾದರೆ ಮೇಲಿನವರಿಗೆ ತಿಳಿಸಿ, ಮನೆ ಭೇಟಿ ನಿಲ್ಲಿಸಿ.

ಹೆಜ್ಜೆ 7: ಬರೆದಿಡುವುದು, ಮತ್ತೆ ನೋಡುವುದು

ಕಳಿಸುವ ಚೀಟಿಯಲ್ಲಿ 'ಕಣ್ಣು ಕೆಂಪು' ಅಂತ ಮಾತ್ರ ಬರೆದರೆ ಡಾಕ್ಟರಿಗೆ ಏನೂ ಗೊತ್ತಾಗುವುದಿಲ್ಲ. ಹೀಗೆ ಬರೆಯಿರಿ: 'ಬಲಗಣ್ಣು, ಎರಡು ದಿನದಿಂದ, ಟೊಮೆಟೊ ಕಡ್ಡಿ ತಾಗಿದೆ, ಕ್ಯಾಲೆಂಡರ್ ಅಂಕಿ ಎಡಗಣ್ಣಿಗೆ ಕಾಣುತ್ತದೆ, ಬಲಗಣ್ಣಿಗೆ ಇಲ್ಲ, ಕರಿಗುಡ್ಡೆಯ ಮೇಲೆ ಬಿಳಿ ಚುಕ್ಕೆ, ಮನೆಯಲ್ಲಿ ಹರಳೆಣ್ಣೆ ಹಾಕಿದ್ದಾರೆ.' ಫೋನ್‌ನಲ್ಲಿ ಸಲಹೆ ಬೇಕಾದರೆ 104 ಆರೋಗ್ಯ ಸಹಾಯವಾಣಿ ಇದೆ.

ಮನೆಯಲ್ಲೇ ಉಳಿಸಿದ ಕಣ್ಣನ್ನು ಮೂರನೇ ದಿನ ಮತ್ತೆ ನೋಡಿ. ಆವತ್ತೂ ದೃಷ್ಟಿಯಿಂದಲೇ ಶುರುಮಾಡಿ. ಮೊದಲಿಗಿಂತ ನೋವು ಜಾಸ್ತಿಯಾಗಿದ್ದರೆ, ಬೆಳಕು ಹೊಸದಾಗಿ ಚುಚ್ಚುತ್ತಿದ್ದರೆ, ಕ್ಯಾಲೆಂಡರ್ ಅಂಕಿ ಮಂಜಾಗಿದ್ದರೆ ಅವತ್ತೇ ಕಳಿಸಿ. ಬಸ್ಸಿಗೆ ದುಡ್ಡಿಲ್ಲ, ಜೊತೆಗೆ ಬರುವವರಿಲ್ಲ ಅಂದರೆ ಅದನ್ನೂ ಅಲ್ಲೇ ಕೂತು ಬಗೆಹರಿಸಿ. ಹೋಗಿ ಬಂದ ಮೇಲೆ ಚೀಟಿ ನೋಡಿ, ಯಾವ ಔಷಧಿ, ಎಷ್ಟು ದಿನ, ಮತ್ತೆ ಯಾವಾಗ ತೋರಿಸಬೇಕು ಅನ್ನುವುದನ್ನು ನಿಮ್ಮ ಡೈರಿಯಲ್ಲಿ ಬರೆದುಕೊಳ್ಳಿ.